ಬೇಸ್‌ಮೆಂಟಿನ ಡಾಕ್ಟರುಗಳು

ನಮ್ಮ ಮನೆಗೆ ಊರಿಂದ ಫೋನು ಬಂದು, ಆ ಕಡೆಯವರು ಮೊದಲ ಐದು ನಿಮಿಷ ನನ್ನ ಮಂಡಿನೋವನ್ನೇ ವಿಚಾರಿಸಿದರು ಅಂದರೆ ಅವರ ಪೈಕಿ ಯಾರೋ ಎಂಬಿಬಿಎಸ್ ಮುಗಿಸಿದ್ದಾರೆ ಅಂತ ತಿಳಿಯಬೇಕು. ಮಂಡಿಯಿಂದ ಮಳೆಗೆ, ಮಳೆಯಿಂದ ತೆಂಗಿನಕಾಯಿ ರೇಟಿಗೆ ಬಂದು, ಇನ್ನೇನು ಫೋನಿಡಬೇಕು ಅನ್ನುವಾಗ ವಿಷಯ ಹೊರಬರುತ್ತದೆ. “ಅಂದಹಾಗೆ, ನಮ್ಮ ಷಡ್ಡಕರ ತಂಗಿ ನಿಮಗೆ ಗೊತ್ತಲ್ಲ, ನಿಮ್ಮ ಮದುವೇಲಿ ಆರತಿ ತಟ್ಟೆ ಹಿಡಿದಿದ್ದಳು, ಅವಳ ಮಗಳು ಡಾಕ್ಟರಾದಳು. ಸ್ಟೆಪ್ ಒಂದು ಆಯ್ತಂತೆ, ಎರಡೂ ಆಯ್ತಂತೆ. ಈಗ ಅದೇನೋ ಅಬ್ಸರ್ವರ್‌ಶಿಪ್ ಬೇಕಂತೆ. ನಿಮ್ಮ ಯಜಮಾನರು ಆಸ್ಪತ್ರೇಲಿ ಒಂದು ಮೂಲೇಲಿ ನಿಲ್ಲಿಸಿಕೊಂಡರೆ ಸಾಕು.”

ಅವರು ಅದನ್ನು ವಿನಯಕ್ಕೆ ಹೇಳುತ್ತಾರೆ. ಆದರೆ ಕೆಲಸ ಇರುವುದೇ ಅಷ್ಟು, ಒಂದು ಮೂಲೆಯಲ್ಲಿ ನಿಲ್ಲುವುದು. ಹಾಗೆ ನಿಲ್ಲಿಸಿಕೊಳ್ಳುವುದಕ್ಕೆ ಮುಂಚೆ ಎಷ್ಟು ಕಾಗದ ತುಂಬಬೇಕು ಅನ್ನುವುದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ಆ ಕಾಗದ ತುಂಬುವವಳು ನಾನು.

ನಾವಿರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟಿಗೆ ಉತ್ತರದ ಒಂದು ಸಣ್ಣ ಊರಿನಲ್ಲಿ. ನಮ್ಮವರು ಇಂಟರ್ನಲ್ ಮೆಡಿಸಿನ್ ಡಾಕ್ಟರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ರೌಂಡ್ಸು, ಆಮೇಲೆ ಸ್ವಂತ ಕ್ಲಿನಿಕ್ಕು. ಮೈಸೂರಿನಲ್ಲಿ ಬಿ.ಕಾಂ. ಮಾಡಿದ್ದ ನಾನು ಕ್ಲಿನಿಕ್ಕಿನ ಲೆಕ್ಕ ನೋಡಲು ಹೋಗಿ, ಇನ್ಶೂರೆನ್ಸ್ ಕಂಪನಿಗಳ ಜೊತೆ ಫೋನಿನಲ್ಲಿ ಜಗಳವಾಡುವ ಕೆಲಸದಲ್ಲಿ ಪಳಗಿ, ಕೊನೆಗೆ ಊರಿನ ಡಾಕ್ಟರುಗಳನ್ನು ಅಮೆರಿಕದ ಆಸ್ಪತ್ರೆಯ ಮೂಲೆಗಳಲ್ಲಿ ನಿಲ್ಲಿಸುವ ಖಾತೆಗೂ ಮಂತ್ರಿಯಾದೆ. ನಮ್ಮವರು ಫೋನಿನಲ್ಲಿ “ಅದಕ್ಕೇನಂತೆ, ಬರಲಿ” ಅಂದುಬಿಡುತ್ತಾರೆ. ಅಲ್ಲಿಗೆ ಅವರ ಪಾತ್ರ ಮುಗಿಯಿತು.

ಈ ನಿಲ್ಲುವ ವಿದ್ಯೆ ಯಾಕೆ ಬೇಕು ಅಂದರೆ, ಹೊರದೇಶದ ಎಂಬಿಬಿಎಸ್ ಎಷ್ಟೇ ಚಿನ್ನದ ಪದಕದ್ದಾಗಿದ್ದರೂ ಸಾಮಾನ್ಯವಾಗಿ ಇಲ್ಲಿ ಮತ್ತೆ ರೆಸಿಡೆನ್ಸಿ ಎಂಬ ಆಸ್ಪತ್ರೆಯ ತರಬೇತಿ ಮಾಡದೆ ರೋಗಿಯನ್ನು ನೋಡುವ ಹಾಗಿಲ್ಲ. ರೆಸಿಡೆನ್ಸಿಗೆ ಸೆಪ್ಟೆಂಬರಿನಲ್ಲಿ ಅರ್ಜಿ. ಅರ್ಜಿಗೆ ಸ್ಟೆಪ್ ಅನ್ನುವ ಇಲ್ಲಿನ ಲೈಸೆನ್ಸ್ ಪರೀಕ್ಷೆಗಳ ಫಲಿತಾಂಶದ ಜೊತೆ ಶಿಫಾರಸು ಪತ್ರಗಳು ಬೇಕು, ಅವನ್ನು ಆದಷ್ಟೂ ಅಮೆರಿಕದ ಡಾಕ್ಟರುಗಳೇ ಬರೆದಿರಬೇಕು. ಅವರು ಬರೆಯಬೇಕಾದರೆ ನಿಮ್ಮನ್ನು ಕಣ್ಣಾರೆ ಕಂಡಿರಬೇಕು. ಹೀಗೆ ನೋಡಲು ಬಂದವರು ಅಂತ ಹೆಸರಿದ್ದರೂ ನಿಜಕ್ಕೂ ಬರುವುದು ತೋರಿಸಿಕೊಳ್ಳಲು. ನಮ್ಮ ಕಡೆ ಇಂಥದ್ದಕ್ಕೆ ಉಪ್ಪಿಟ್ಟು-ಕೇಸರಿಬಾತ್ ಮಾಡಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಇಲ್ಲಿ ನಾಲ್ಕು ವಾರ ಹಿಡಿಯುತ್ತದೆ.

ಇದರಲ್ಲೊಂದು ತಮಾಷೆ ಇದೆ, ಯಾರೂ ನಗುವುದಿಲ್ಲ ಅಷ್ಟೇ. ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ, ಕಾಲೇಜಿನ ಒಪ್ಪಿಗೆ ಪಡೆದು, ಶುಲ್ಕ ಕಟ್ಟಿ ಬಂದರೆ ಅದು ಎಲೆಕ್ಟಿವ್. ಅವರು ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಡಬಹುದು, ಹೊಟ್ಟೆ ಒತ್ತಿ ನೋಡಬಹುದು. ಅದೇ ಹುಡುಗಿ ಊರಿನಲ್ಲೇ ಪಾಸಾಗಿ, ಹೌಸ್ ಸರ್ಜನ್ ಆಗಿ ವರ್ಷವಿಡೀ ನಿದ್ದೆಗೆಟ್ಟು, ಪೂರ್ತಿ ಡಾಕ್ಟರಾಗಿ ಬಂದಳೋ, ಅಬ್ಸರ್ವರ್. ಮುಟ್ಟುವ ಹಾಗಿಲ್ಲ. ಕೆಲಸ ಬಾರದಿದ್ದಾಗ ಕೈಗೆ ಅನುಮತಿ ಇತ್ತು; ಕೆಲಸ ಬಂದಮೇಲೆ ಇಲ್ಲ. ಪದವೀಧರರಿಗೂ ಮುಟ್ಟಲು ಬಿಡುವ ಎಕ್ಸ್‌ಟರ್ನ್‌ಶಿಪ್ ಅಂತ ಒಂದಿದೆ, ಅದು ಸಿಗುವುದು ಅಪರೂಪ. ಬೇಗ ಬನ್ನಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ನಮ್ಮ ಕಾಲೇಜುಗಳಲ್ಲಿ ರಜೆ ಕೊಡುವ ಪ್ರಿನ್ಸಿಪಾಲರು ಎಲ್ಲಿದ್ದಾರೆ? ಎಲ್ಲರೂ ಮುಗಿಸಿಕೊಂಡೇ ಬರುತ್ತಾರೆ.

ಕಾಗದಗಳಲ್ಲಿ ನನಗೆ ಅಚ್ಚುಮೆಚ್ಚಿನದು ರೋಗನಿರೋಧಕ ಪಟ್ಟಿ. ಕ್ಷಯಕ್ಕೆ ಚರ್ಮದ ಪರೀಕ್ಷೆ ಮಾಡುತ್ತಾರೆ. ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಹಾಕಿಸಿರುತ್ತೇವಲ್ಲ, ಕೈ ಊದಿಕೊಳ್ಳುತ್ತದೆ. ಇಲ್ಲಿ ಬಿಸಿಜಿಯ ರೂಢಿಯಿಲ್ಲ. ಆಸ್ಪತ್ರೆಯ ನರ್ಸು ಎಡತೋಳಿನ ಕಲೆಯನ್ನೂ ಊದಿದ ಮುಂಗೈಯನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಆಮೇಲೆ ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ, ಒಂದು ವಾರ ದಂಡ. ಈಗ ನಾನು ಮೊದಲೇ “ರಕ್ತಪರೀಕ್ಷೆಯನ್ನೇ ಮಾಡಿಸಿಕೊಂಡು ಬನ್ನಿ” ಅಂತ ಬರೆದು ಕಳಿಸುತ್ತೇನೆ. ದಡಾರಕ್ಕೆ ಪುರಾವೆ, ಹೆಪಟೈಟಿಸ್ ಬಿಗೆ ಪುರಾವೆ, ಸೀತಾಳೆ ಸಿಡುಬಿಗೆ ಪುರಾವೆ. ಮಂಡ್ಯದ ಕಡೆಯ ಒಬ್ಬ ತಾಯಿ ಫೋನಿನಲ್ಲಿ ನನಗೆ ಖಡಾಖಂಡಿತವಾಗಿ ಹೇಳಿದರು: “ಅವನಿಗೆ ಎರಡನೇ ಕ್ಲಾಸಿನಲ್ಲಿ ಅಮ್ಮ ಆಗಿತ್ತು ಕಣ್ರೀ. ಮೈತುಂಬ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದೆ, ತಂಬಿಟ್ಟಿನ ಆರತಿ ಮಾಡಿಸಿದೆ. ಬೇಕಾದರೆ ನಮ್ಮ ಬೀದಿಯವರನ್ನೆಲ್ಲ ಕೇಳಲಿ.” ಆ ಬೀದಿಯವರ ಸಾಕ್ಷಿಯನ್ನು ಹಾಕಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ರಕ್ತದಲ್ಲಿ ಪ್ರತಿಕಾಯ ಇದೆ ಅಂತ ಲ್ಯಾಬು ಬರೆದುಕೊಟ್ಟ ಮೇಲೆ ಆಸ್ಪತ್ರೆ ನಂಬಿತು. ಆ ತಾಯಿಗೆ ಈಗಲೂ ಅದೊಂದು ಅವಮಾನವೇ.

ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಅಲ್ಲಿ ಹೇಳಬೇಕಾದ್ದನ್ನು ನಾನೇ ಬಾಯಿಪಾಠ ಮಾಡಿಸುತ್ತೇನೆ. ರೋಗಿಗಳನ್ನು ಮುಟ್ಟುವುದಿಲ್ಲ. ಸಂಬಳ ತೆಗೆದುಕೊಳ್ಳುವುದಿಲ್ಲ. ವಾಪಸು ಬರುತ್ತೇನೆ. ಮೊದಲ ಎರಡನ್ನು ಹುಡುಗರು ಗಟ್ಟಿಯಾಗಿ ಹೇಳುತ್ತಾರೆ.

ಬಂದವರು ಇಳಿದುಕೊಳ್ಳುವುದು ನಮ್ಮ ಬೇಸ್‌ಮೆಂಟಿನಲ್ಲಿ. ಅಲ್ಲೊಂದು ಮಂಚ, ಒಂದು ಮೇಜು, ಹಿಂದಿನವರು ಬಿಟ್ಟುಹೋದ ಪರೀಕ್ಷೆಯ ಪುಸ್ತಕಗಳ ರಾಶಿ, ಮತ್ತು ಇಲ್ಲಿನ ಚಳಿಗಾಲದ ಅಂದಾಜಿಲ್ಲದೆ ಬಂದ ಯಾರೋ ಕೊಂಡು ಯಾರೋ ತೊಟ್ಟು ಇನ್ಯಾರಿಗೋ ಬಿಟ್ಟ ಒಂದು ದಪ್ಪ ಕೋಟು. ನಮ್ಮವರು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಶುಲ್ಕವೆಲ್ಲ ಸೂಟ್‌ಕೇಸಿನಲ್ಲಿ ಬರುತ್ತದೆ. ಕುಂದಾ ಬಂದರೆ ಬೆಳಗಾವಿ, ಪೇಢಾ ಬಂದರೆ ಧಾರವಾಡ, ಶೇಂಗಾ ಚಟ್ನಿಪುಡಿ ಬಂದರೆ ವಿಜಯಪುರದ ಕಡೆ. ಮಂಗಳೂರಿನವರು ಹಲಸಿನ ಹಪ್ಪಳ ತರುತ್ತಾರೆ. ಬೆಂಗಳೂರಿನವರು ಏನು ಕೊಡಬೇಕೆಂದು ತಿಳಿಯದೆ ವಿಮಾನ ನಿಲ್ದಾಣದಲ್ಲಿ ಚಾಕೊಲೇಟ್ ಕೊಂಡು ತರುತ್ತಾರೆ. ಅಮೆರಿಕಕ್ಕೆ, ಚಾಕೊಲೇಟು!

ಮೊದಲ ದಿನ ಬೆಳಿಗ್ಗೆ ಕಾರಿನಲ್ಲಿ ನಮ್ಮವರು ಒಂದೇ ಪಾಠ ಹೇಳುತ್ತಾರೆ: ಕೈ ಕೋಟಿನ ಜೇಬಿನಲ್ಲಿರಲಿ. ಇದು ಹೇಳಿದಷ್ಟು ಸುಲಭವಲ್ಲ. ಬಳ್ಳಾರಿಯಿಂದ ಬಂದ ಹುಡುಗ ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದವನು. ರಾತ್ರಿ ಕ್ಯಾಶುಯಾಲ್ಟಿಯಲ್ಲಿ ಒಡೆದ ತಲೆಗಳಿಗೆ ಹೊಲಿಗೆ ಹಾಕಿದವನು, ಹೆರಿಗೆ ಮಾಡಿಸಿದವನು, ಚೇಳು ಕಚ್ಚಿದವರನ್ನು ಬದುಕಿಸಿಕೊಂಡವನು. ಇಲ್ಲಿ ಒಬ್ಬ ನರ್ಸು ಮುದುಕಿಯ ಕೈಯಲ್ಲಿ ನರ ಸಿಗದೆ ಒದ್ದಾಡುವಾಗ ಇವನ ಬೆರಳುಗಳು ಜೇಬಿನೊಳಗೇ ಚಡಪಡಿಸುವುದು ಕೋಟಿನ ಮೇಲಿಂದಲೇ ಕಾಣುತ್ತಿತ್ತಂತೆ. ಆ ರಾತ್ರಿ ನನ್ನ ಅಡುಗೆಮನೆಗೆ ಬಂದು, “ಆಂಟಿ, ಏನಾದ್ರೂ ಹೆಚ್ಚಿ ಕೊಡ್ಲಾ?” ಅಂತ ಕೇಳಿದ. ಬೀನ್ಸು ಕೊಟ್ಟೆ. ಅಷ್ಟು ಸಮಸಮವಾಗಿ ಹೆಚ್ಚಿದ ಬೀನ್ಸನ್ನು ನಾನು ಮದುವೆಮನೆಯಲ್ಲೂ ನೋಡಿಲ್ಲ.

ಇನ್ನೊಂದು ಕಷ್ಟ ‘ಸರ್’. ಇವರು ಹಿರಿಯ ಡಾಕ್ಟರಿಗೂ ಸರ್ ಅನ್ನುತ್ತಾರೆ, ನೆಲ ಒರೆಸುವವನಿಗೂ ಸರ್ ಅನ್ನುತ್ತಾರೆ, ಬಾಗಿಲು ತಾನಾಗಿ ತೆರೆದುಕೊಂಡರೆ ಅದಕ್ಕೂ ಒಂದು ಥ್ಯಾಂಕ್ಯೂ ಸರ್. ಹೃದ್ರೋಗದ ಡಾಕ್ಟರು ಒಬ್ಬ ಹುಡುಗನಿಗೆ “ನನ್ನನ್ನು ಬಾಬ್ ಅಂತಲೇ ಕರೆ” ಎಂದು ಪ್ರೀತಿಯಿಂದ ಹೇಳಿದರು. ಹುಡುಗ ಇಡೀ ರಾತ್ರಿ ಯೋಚಿಸಿ ಮಾರನೆಯ ದಿನ “ಗುಡ್ ಮಾರ್ನಿಂಗ್, ಡಾಕ್ಟರ್ ಬಾಬ್ ಸರ್” ಅಂದ. ಆ ವಿಭಾಗದಲ್ಲಿ ಅವರಿಗೆ ಈಗಲೂ ಅದೇ ಹೆಸರು.

ಹಿಂದೆ ಈ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಇತ್ತು. ಸ್ಟೆಪ್ ಎರಡರಲ್ಲೇ ಸಿಎಸ್ ಅಂತ ಒಂದು ಭಾಗ. ದೇಶದ ಐದೇ ಊರುಗಳಲ್ಲಿ ನಡೆಯುತ್ತಿತ್ತು. ನಮಗೆ ಹತ್ತಿರದ್ದು ಶಿಕಾಗೋ. ರೋಗಿಗಳ ಹಾಗೆ ನಟಿಸಲು ತರಬೇತಾದ 12 ಜನರನ್ನು ಒಬ್ಬೊಬ್ಬರಿಗೆ 15 ನಿಮಿಷದ ಲೆಕ್ಕದಲ್ಲಿ ಪರೀಕ್ಷಿಸಬೇಕು. ಬಾಗಿಲು ತಟ್ಟಿ ಒಳಗೆ ಬರಬೇಕು, ಹೆಸರು ಹೇಳಬೇಕು, ಕೈ ತೊಳೆಯಬೇಕು, ಹೊದಿಸಬೇಕು, ಸಂತಾಪ ಸೂಚಿಸಬೇಕು. ಅಭ್ಯಾಸಕ್ಕೆ ರೋಗಿ ಬೇಕಲ್ಲ, ನಾನಿದ್ದೆ. ಆ ವರ್ಷಗಳಲ್ಲಿ ನನಗೆ ಬಾರದ ಕಾಯಿಲೆಯಿಲ್ಲ. ಒಗ್ಗರಣೆಗೆ ಸಾಸಿವೆ ಹಾಕಿಕೊಂಡೇ ಎದೆನೋವು ಅನುಭವಿಸಿದ್ದೇನೆ, ಚಪಾತಿ ಲಟ್ಟಿಸುತ್ತಾ ಸಂಸಾರದ ಚಿಂತೆಯಿಂದ ಖಿನ್ನಳಾಗಿದ್ದೇನೆ, ಇದಕ್ಕೆ ಮಾತ್ರ ನಟನೆ ಬೇಕಾಗಿರಲಿಲ್ಲ. ಹುಬ್ಬಳ್ಳಿಯ ಹುಡುಗ ನಮ್ಮ ಅಡುಗೆಮನೆಗೆ ಬಾಗಿಲೇ ಇಲ್ಲದ್ದರಿಂದ ಗೋಡೆ ತಟ್ಟಿ ಒಳಗೆ ಬರುತ್ತಿದ್ದ. “ನಿಮಗ ಯಾವಾಗಿಂದ ಹೊಟ್ಟಿ ನೋಯಾಕತ್ತೈತ್ರಿ?” ಅಂತ ಶುರುಮಾಡಿ, ತಕ್ಷಣ ನಾಲಿಗೆ ಕಚ್ಚಿಕೊಂಡು ಇಂಗ್ಲಿಷಿಗೆ ತಿರುಗುತ್ತಿದ್ದ. ಸಿಗರೇಟು ಸೇದುತ್ತೀರಾ, ಕುಡಿಯುತ್ತೀರಾ, ಎಷ್ಟು ಕುಡಿಯುತ್ತೀರಿ ಎನ್ನುವವರೆಗೆ ಹೇಗೋ ಬರುತ್ತಿದ್ದ. ಅದರ ಮುಂದಿನ ಪ್ರಶ್ನೆ ದಾಂಪತ್ಯದ ಬಗ್ಗೆ. ಕೇಳದಿದ್ದರೆ ಅಂಕ ಹೋಗುತ್ತದೆ. ಫ್ರಿಜ್ಜಿನ ಕಡೆ ಮುಖ ಮಾಡಿ, ಕೆಂಪಗಾಗಿ, ಫ್ರಿಜ್ಜನ್ನೇ ಕೇಳುತ್ತಿದ್ದ. ಕೋವಿಡ್ ಬಂದಾಗ ಆ ಪರೀಕ್ಷೆ ನಿಂತಿತು, 2021ರಲ್ಲಿ ಅದನ್ನು ಪೂರ್ತಿ ತೆಗೆದೇಹಾಕಿದರು. ಮುಂದಿನ ವರ್ಷ ಸ್ಟೆಪ್ ಒಂದರಲ್ಲಿ ಅಂಕ ಹೇಳುವುದನ್ನು ಬಿಟ್ಟು ಪಾಸು-ಫೇಲು ಮಾತ್ರ ಮಾಡಿದರು. ಆಮೇಲೆ ಶಿಫಾರಸು ಪತ್ರಗಳ ತೂಕ ಇನ್ನೂ ಏರಿತು. ನನ್ನ ಮಂಡಿಯನ್ನು ವಿಚಾರಿಸುವವರೂ ಹೆಚ್ಚಿದರು.

ಪರಿಚಯದ ಡಾಕ್ಟರು ಇಲ್ಲದವರಿಗೆ ಈಗ ಕಂಪನಿಗಳಿವೆ. ನಾಲ್ಕು ವಾರ ನಿಲ್ಲಲು ಸಾವಿರ ಡಾಲರು, ಎರಡು ಸಾವಿರ, ಅದಕ್ಕೂ ಮೇಲೆ. ದೊಡ್ಡ ಆಸ್ಪತ್ರೆಯಾದರೆ ಒಂದು ದರ, ಕಿರಾಣಿ ಅಂಗಡಿಯ ಪಕ್ಕದ ಕ್ಲಿನಿಕ್ಕಾದರೆ ಇನ್ನೊಂದು. ಕೆಲವು ಕಡೆ ನಿಜವಾಗಿ ಕಲಿಸುತ್ತಾರೆ, ಕೆಲವು ಕಡೆ ಡಾಕ್ಟರಿಗೆ ಹುಡುಗನ ಹೆಸರು ಗೊತ್ತಾಗುವುದು ಪತ್ರಕ್ಕೆ ಸಹಿ ಹಾಕುವಾಗ. ನಾನು ಅವರನ್ನು ಬೈಯುತ್ತಿದ್ದೆ. ಆದರೆ ಒಮ್ಮೆ ನಮ್ಮವರೇ ಕೇಳಿದರು, “ಆರತಿ ತಟ್ಟೆ ಹಿಡಿಯೋಕೆ ಯಾರೂ ಇಲ್ಲದ ಮನೆಯ ಹುಡುಗ ಏನು ಮಾಡಬೇಕು ಹೇಳು.” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮದು ಪುಕ್ಕಟೆ ನಿಜ, ಆದರೆ ನೆಂಟಸ್ತನವೂ ಒಂದು ಶುಲ್ಕವೇ, ಎಲ್ಲರ ಹತ್ತಿರವೂ ಇರುವುದಿಲ್ಲ.

ಡೆಟ್ರಾಯಿಟಿನ ಪಂಪ ಕನ್ನಡ ಕೂಟದಲ್ಲಿ ಯುಗಾದಿ ಊಟಕ್ಕೆ ಕೂತಾಗ ಹಿರಿಯ ಡಾಕ್ಟರೊಬ್ಬರು ಈ ಮಾತೆಲ್ಲ ಕೇಳಿ ನಗುತ್ತಾರೆ. 1965ರಲ್ಲಿ ಮುದುಕರ ಚಿಕಿತ್ಸೆಗೆ ಮೆಡಿಕೇರ್ ಬಂತು, ಅದೇ ವರ್ಷ ವಲಸೆಯ ಕಾನೂನೂ ಸಡಿಲವಾಯಿತು. ಆಸ್ಪತ್ರೆಗಳು ಕೈಚಾಚಿ ಡಾಕ್ಟರುಗಳನ್ನು ಕರೆದ ಕಾಲ ಅದು. ಅವರು ಬಂದಿಳಿದಾಗ ಯಾರೂ ಅವರನ್ನು ಮೂಲೆಯಲ್ಲಿ ನಿಲ್ಲಿಸಲಿಲ್ಲ. ಜುಲೈ ಒಂದನೇ ತಾರೀಖು ಕೈಗೆ ಪೇಜರು ಕೊಟ್ಟು ರಾತ್ರಿ ಡ್ಯೂಟಿಗೆ ಹಾಕಿದರಂತೆ. 1976ರಲ್ಲಿ ಇಲ್ಲಿನ ಸಂಸತ್ತು ದೇಶದಲ್ಲಿ ಡಾಕ್ಟರುಗಳ ಕೊರತೆ ಇನ್ನಿಲ್ಲ ಅಂತ ಕಾನೂನಿನಲ್ಲೇ ಬರೆದು ಬಾಗಿಲನ್ನು ಅರ್ಧ ಎಳೆದುಕೊಂಡಿತು. ಈಗಲೂ ದೇಶದ ಡಾಕ್ಟರುಗಳಲ್ಲಿ ಸುಮಾರು ಕಾಲುಭಾಗ ಹೊರಗೆ ಓದಿ ಬಂದವರೇ. ನಮ್ಮವರು ತೊಂಬತ್ತರ ದಶಕದಲ್ಲಿ ಬಂದಾಗ ಓಹಾಯೋದಲ್ಲಿ ಅವರ ಸೀನಿಯರ್ ಒಬ್ಬರು ಮನೆಯಲ್ಲಿಟ್ಟುಕೊಂಡು, ತಮ್ಮ ಆಸ್ಪತ್ರೆಯಲ್ಲಿ ನಿಲ್ಲಿಸಿ, ಕೊನೆಗೆ ಪತ್ರ ಬರೆದುಕೊಟ್ಟರು. ಋಣ ತೀರಿಸುತ್ತೇವೆಂದು ಹೋದರೆ ಅವರು “ನನಗೆ ಕೊಡಬೇಡ, ಮುಂದೆ ಬರುವವರಿಗೆ ಕೊಡು” ಎಂದುಬಿಟ್ಟರು. ಅವರು ಹಾಗಂದದ್ದು ಒಂದೇ ಸಲ, ನಾನು ಸಾರು ಮಾಡುತ್ತಿರುವುದು ಅಲ್ಲಿಂದೀಚೆಗೆ.

ಪತ್ರದ ಕಥೆ ಹೇಳದಿದ್ದರೆ ಇದು ಅರ್ಧವಾಗುತ್ತದೆ. ಏನೂ ಮಾಡಲು ಬಿಡದವರ ಬಗ್ಗೆ ಏನು ಬರೆಯುವುದು? ಚೆನ್ನಾಗಿ ನಿಂತಿದ್ದಳು ಅಂತಲೇ? ಇನ್ನೊಂದು ತೊಡಕು, ನಮ್ಮವರು ಮೈಸೂರಿನವರು. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆ ‘ಪರವಾಗಿಲ್ಲ’. ಮೂವತ್ತು ವರ್ಷದಿಂದ ನನ್ನ ಅಡುಗೆಗೂ ಅದೇ. ಅಮೆರಿಕದ ಪತ್ರದಲ್ಲಿ ಬರೀ ‘ಒಳ್ಳೆಯ ಹುಡುಗಿ’ ಅಂತ ಬರೆದರೆ, ಇವಳಲ್ಲಿ ಏನೋ ಐಬಿದೆ ಎಂದು ಓದುವವರು ಅರ್ಜಿ ಮಡಚಿಡುತ್ತಾರೆ. ಅಸಾಧಾರಣ, ಅದ್ಭುತ, ನಾನು ಕಂಡವರಲ್ಲೇ ಮೇಲ್ಪಂಕ್ತಿ, ಹೀಗೆ ಸಾಗಬೇಕು. ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ, ವಿಶೇಷಣಗಳಿಗೆ ಮಾತ್ರ ನಮ್ಮಿಬ್ಬರ ನಡುವೆ ಚೌಕಾಸಿ. ಅರ್ಜಿ ಹಾಕುವವರು ಆ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವುದು ಇಲ್ಲಿನ ಪದ್ಧತಿ. ಪತ್ರ ನೇರ ಕಂಪ್ಯೂಟರಿನೊಳಗೆ ಹೋಗುತ್ತದೆ. ಅಂದರೆ ಬೇಸ್‌ಮೆಂಟಿನಲ್ಲಿ ಮಲಗಿದವಳ ಭವಿಷ್ಯ ಮಹಡಿಯಲ್ಲಿ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ದೋಸೆ ಹಾಕುವಾಗ ಅವಳು ನನ್ನ ಮುಖ ನೋಡುತ್ತಾಳೆ. ನಾನು ಚಟ್ನಿ ಬಡಿಸುತ್ತೇನೆ.

ದಾವಣಗೆರೆಯ ಹುಡುಗಿಯ ಪತ್ರ ಬರೆಯುವಾಗ ಚೌಕಾಸಿ ನಡೆಯಲೇ ಇಲ್ಲ. ಕ್ಲಿನಿಕ್ಕಿಗೆ ಒಬ್ಬ ಮುದುಕ ಬರುತ್ತಿದ್ದ, ಕಾರ್ಖಾನೆಯಲ್ಲಿ ಕಾರು ಜೋಡಿಸಿ ನಿವೃತ್ತನಾದವನು. ಸಕ್ಕರೆ ಕಾಯಿಲೆ ಹತೋಟಿಗೇ ಬರದು. ನಮ್ಮವರು ಪ್ರತಿಸಲ ಇನ್ಸುಲಿನ್ ಏರಿಸುವರು, ಅದು ಪ್ರತಿಸಲ ಕೈಕೊಡುವುದು. ಒಬ್ಬ ರೋಗಿಗೆ 15 ನಿಮಿಷ ಸಿಕ್ಕರೆ ಹೆಚ್ಚು, ಅದರಲ್ಲಿ ಅರ್ಧ ಕಂಪ್ಯೂಟರಿಗೆ ಹೋಗುತ್ತದೆ. ಕೆಲಸವಿಲ್ಲದೆ ಇದ್ದವಳು ಇವಳೊಬ್ಬಳೇ. ಅವನ ಮಗಳು ಕಾರು ತರುವವರೆಗೆ ಇವಳು ಪಕ್ಕದಲ್ಲಿ ಕೂತು ಅವನ ಹೆಂಡತಿ ತೀರಿಕೊಂಡದ್ದು, ನಾಯಿ ಕಳೆದುಹೋದದ್ದು, ಬ್ಯೂಕ್ ಕಾರಿನ ಎಂಜಿನ್ ಹೇಗೆ ಕೂರಿಸುತ್ತಾರೆ ಅನ್ನುವುದು, ಎಲ್ಲ ಕೇಳಿಸಿಕೊಂಡಳು. ಅದರ ನಡುವೆ ಅವನು, ಇನ್ಸುಲಿನ್ ದುಬಾರಿ, ಅದಕ್ಕೇ ಬರೆದುಕೊಟ್ಟದ್ದರಲ್ಲಿ ಅರ್ಧ ಚುಚ್ಚಿಕೊಳ್ಳುತ್ತೇನೆ, ಡಾಕ್ಟರು ಒಳ್ಳೆಯವರು, ಅವರಿಗೆ ಬೇಜಾರಾಗಬಾರದು ಅಂತ ಹೇಳಿಲ್ಲ ಅಂದನಂತೆ. ಸಾಯಂಕಾಲ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ, ತಪ್ಪು ಮಾಡಿದವಳಂತೆ ಅಂಜುತ್ತಾ, ಅವಳು ಅದನ್ನು ಹೇಳಿದಳು. ನಮ್ಮವರು ತುಂಬ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಕಡಿಮೆ ಬೆಲೆಯ ಇನ್ಸುಲಿನ್‌ಗೆ ಬದಲಾಯಿಸಿದರು. ಪತ್ರದಲ್ಲಿ ಇದನ್ನೇ ಬರೆಸಿದರು, ಒಂದು ವಿಶೇಷಣವನ್ನೂ ಬಳಸದೆ.

ಮಾರ್ಚ್ ಮೂರನೆಯ ವಾರದ ಸೋಮವಾರ ರೆಸಿಡೆನ್ಸಿಯ ಫಲಿತಾಂಶದ ಇಮೇಲ್ ಬರುತ್ತದೆ. ಸೀಟು ಸಿಕ್ಕಿದೆಯೋ ಇಲ್ಲವೋ ಅಷ್ಟೇ. ಎಲ್ಲಿ ಅನ್ನುವುದಕ್ಕೆ ಶುಕ್ರವಾರದವರೆಗೆ ಕಾಯಬೇಕು. ಹೊರದೇಶದ ಡಾಕ್ಟರುಗಳಲ್ಲಿ ಈಚಿನ ವರ್ಷಗಳಲ್ಲಿ ಸೀಟು ಸಿಗುತ್ತಿರುವುದು ನೂರಕ್ಕೆ ಸುಮಾರು 60 ಮಂದಿಗೆ. ಸಿಕ್ಕವರ ಮನೆಯಿಂದ ಆ ಸೋಮವಾರವೇ ಫೋನು, ಮಂಡಿಯ ಸುದ್ದಿಯೇ ಇಲ್ಲದೆ ನೇರ ಕಿರುಚಾಟ. ಸಿಗದವರ ಮನೆಯಿಂದ ಬರುವುದಿಲ್ಲ. ನಾವೇ ಮಾಡೋಣವೆಂದರೆ ಏನು ಮಾತಾಡುವುದು? ದಾವಣಗೆರೆಯಿಂದ ಆ ವರ್ಷವೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಬೀನ್ಸು ಹೆಚ್ಚಿದ ಬಳ್ಳಾರಿಯವನು ಮಾತ್ರ ಈಗ ಟೆಕ್ಸಸ್‌ನಲ್ಲಿದ್ದಾನೆ, ಮನೆಯಲ್ಲಿ ಅಡುಗೆಯೆಲ್ಲ ಅವನದೇ ಅಂತೆ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಇಳಿದಿದ್ದೆವು. ದಾವಣಗೆರೆಯ ಹುಡುಗಿ ನೀಟ್ ಬರೆದು ಹುಬ್ಬಳ್ಳಿಯಲ್ಲೇ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಂಡಿ ಮಾಡುತ್ತಿದ್ದಾಳೆಂದು ಯಾರೋ ಹೇಳಿದರು. ಫೋನು ಮಾಡಿದೆವು. ಅವಳು ಸ್ವಲ್ಪವೂ ಮುಜುಗರಪಡದೆ, “ಅಂಕಲ್ ನಮ್ಮ ಓಪಿಡಿ ನೋಡ್ಲಿಕ್ಕೆ ಬರ್ಲಿ ಆಂಟಿ, ನಮ್ಮ ಹೆಚ್ಓಡೀನ ಕೇಳ್ತೀನಿ” ಅಂದಳು. ಒಂದು ಫಾರಮ್ಮಿಲ್ಲ, ಕ್ಷಯದ ಪರೀಕ್ಷೆಯಿಲ್ಲ, ಕೊರಳಿಗೆ ಬ್ಯಾಡ್ಜಿಲ್ಲ. ಮಾರನೆಯ ಬೆಳಿಗ್ಗೆ ಹೋದರೆ ಸಾಲು ಬಾಗಿಲು ದಾಟಿ ವರಾಂಡ ದಾಟಿ ಮರದ ಕೆಳಗಿನವರೆಗೂ ಇತ್ತು. ನಮ್ಮವರು ಅಭ್ಯಾಸಬಲದಿಂದ ಶಿಷ್ಯರಿಗೆ ಹೇಳಿಕೊಟ್ಟ ಹಾಗೆಯೇ ಒಂದು ಮೂಲೆಯಲ್ಲಿ ಜೇಬಿಗೆ ಕೈ ಹಾಕಿ ನಿಂತರು. ಅವಳು ಒಬ್ಬರ ಎದೆ ಕೇಳುತ್ತಾ, ಇನ್ನೊಬ್ಬರ ಚೀಟಿ ಬರೆಯುತ್ತಾ, ಎರಡು ನಿಮಿಷ ಸುಮ್ಮನಿದ್ದು ಆಮೇಲೆ ತಲೆಯೆತ್ತಿದಳು. “ಅಂಕಲ್, ಹಂಗೆ ಸುಮ್ನೆ ನಿಂತ್ಕೊಂಡ್ರೆ ಹೆಂಗೆ? ಆ ಸಾಲಿನೋರ ಬಿಪಿ ನೋಡ್ಕೊಂತ ಬರ್ರಿ.”

ಇಲ್ಲಿ ಮಿಶಿಗನ್ನಿನ ಕ್ಲಿನಿಕ್ಕಿನಲ್ಲಿ ಬಿಪಿ ನೋಡಲು ಬೇರೆ ಹುಡುಗಿಯಿದ್ದಾಳೆ, ಅವಳಿಗೂ ಒಂದು ಯಂತ್ರವಿದೆ. ಕೈಯಲ್ಲಿ ಪಂಪು ಒತ್ತಿ ಕಿವಿಯಲ್ಲಿ ಸದ್ದು ಹಿಡಿದು ಇವರಿಗೆ ಎಷ್ಟು ಕಾಲವಾಗಿತ್ತೋ. ಶುರುವಿನಲ್ಲಿ ಒಬ್ಬ ಅಜ್ಜನಿಗೆ 160 ಅಂತ ಹೇಳಿದರು. ಅವಳು ತಾನೇ ಒಂದು ಸಲ ನೋಡಿ, “180 ಐತಿ ಅಂಕಲ್” ಅಂತ ತಿದ್ದಿ ಬರೆದುಕೊಂಡಳು. ಮಧ್ಯಾಹ್ನ ಎರಡು ದಾಟಿದ ಮೇಲೆ ಇವರು ಹೊರಗೆ ಬಂದರು, ಅಂಗಿ ಬೆವರಿನಲ್ಲಿ ತೊಯ್ದು. ಬಲಗಿವಿ ಸ್ವಲ್ಪ ಮಂದವಾಗಿದೆಯೆಂದು ಇವತ್ತು ಗೊತ್ತಾಯಿತು ಅಂದರು. ಹೇಗಿತ್ತು ಅಂತ ಕೇಳಿದರೆ, “ಪರವಾಗಿಲ್ಲ.” ಆಮೇಲೆ, ನಾಳೆ ಎಂಟಕ್ಕೇ ಬರಬೇಕಂತೆ, ವಾರ್ಡ್ ರೌಂಡ್ಸು, ಬರುವಾಗ ಸ್ಟೆತಾಸ್ಕೋಪು ತನ್ನಿ ಅಂದಿದ್ದಾಳೆ, ಇಲ್ಲೆಲ್ಲಿ ಸಿಗುತ್ತೆ ಅಂತ ವಿಚಾರಿಸು ಅಂದರು. ಮರುದಿನ ಶಿರಸಿಗೆ ಮಾರಿಕಾಂಬೆಯ ದರ್ಶನಕ್ಕೆ ಹೋಗುವುದೆಂದು ಕಾರು ಗೊತ್ತು ಮಾಡಿತ್ತು. ನಾನು ನೆಂಟರ ಜೊತೆ ಹೋಗಿಬಂದೆ.